ಗಾಳಿಕಲ್ಲಿನ ಮೇಲೆ ಹದ್ದು ಎಣಿಸಿದ ವರ್ಷ

ಹೋದ ತಿಂಗಳು ಇತ್ತಲಾರ್ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬರು ಮುದುಕರು ಬಂದು ಕೂತರು. ಮಳೆಯಲ್ಲಿ ನೆನೆದ ಕಂಬಳಿ ಹೊದ್ದಿದ್ದರು. ಕಿಟಕಿಗಳೆಲ್ಲ ಮುಚ್ಚಿದ್ದವು. ಒದ್ದೆ ಉಣ್ಣೆ, ಒಲೆಯ ಹೊಗೆ, ಅದರೊಳಗೆ ಒಂದಿಷ್ಟು ಎಮ್ಮೆಯ ವಾಸನೆ ಬಸ್ಸಿಡೀ ತುಂಬಿಕೊಂಡಿತು. ಹಿಂದಿನ ಸೀಟಿನ ಕಾಲೇಜು ಹುಡುಗಿಯರು ಮೂಗು ಮುಚ್ಚಿಕೊಂಡು ನಕ್ಕರು. ನಾನು ಮಾತ್ರ ಆ ಮುದುಕರ ಕಡೆಗೆ ಇನ್ನೊಂದಿಷ್ಟು ಒತ್ತಿಕೊಂಡೇ ಕೂತೆ. ಮೂವತ್ತು ವರ್ಷ ಮಕ್ಕಳ ಕಾಗುಣಿತ ತಿದ್ದಿದವಳು ನಾನು, ಬಸ್ಸಿನಲ್ಲಿ ಕಣ್ಣೀರು ಹಾಕುವ ಪೈಕಿಯಲ್ಲ. ಆದರೂ ಇಳಿಯುವ ಹೊತ್ತಿಗೆ ಕನ್ನಡಕ ತೆಗೆದು ಎರಡು ಸಲ ಒರೆಸಬೇಕಾಯಿತು.

ಅದು ನನ್ನ ಮೊದಲ ಮದುವೆಯ ಮನೆಯ ವಾಸನೆ, ನನ್ನ ಮಾವನ ವಾಸನೆ. ನಮ್ಮ ನೀಲಗಿರಿ ಬಡಗರ ಮಾತಿನಲ್ಲಿ ಮಾವನಿಗೆ ಮಾಮ, ಅತ್ತೆಗೆ ಮಾಮಿ. ಇಲ್ಲಿಯೂ ಹಾಗೇ ಬರೆಯುತ್ತೇನೆ. ಬೇರೆ ಹೆಸರಿನಿಂದ ಕರೆದರೆ ಅವರು ತಿರುಗಿ ನೋಡುವುದಿಲ್ಲ. ಬರೆಯುವ ಕನ್ನಡ ನಾನು ಕಲಿತದ್ದು ಕೇತಿಯ ಮಿಷನ್ ಶಾಲೆಯಲ್ಲಿ. ಆ ಮನೆಗೆ ಸೊಸೆಯಾಗಿ ಹೋದಾಗ ನನಗೆ ಹದಿನೆಂಟು, ಗಂಡ ಹೋದಾಗ ಹತ್ತೊಂಬತ್ತು. ನಾನು ಹೇಳಹೊರಟಿರುವುದು ಅವನು ತೀರಿಕೊಂಡ ವರ್ಷ ದೊಡ್ಡ ಮಳೆ ಹಿಂದೆಗೆದಲ್ಲಿಂದ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟುವವರೆಗಿನ ಎರಡೂವರೆ ತಿಂಗಳ ಕಥೆ. ಪೈಕಾರಾದಲ್ಲಿ ಕರೆಂಟಿನ ಕೆಲಸ ನಡೆಯುತ್ತಿದ್ದ ಕಾಲ. ನಮ್ಮ ಹಟ್ಟಿಗೆ ಇನ್ನೂ ಸೀಮೆಎಣ್ಣೆಯ ಬುಡ್ಡಿಯೇ ಗತಿ.

ಹಟ್ಟಿಯೆಂದರೆ ಗೋಡೆಗೆ ಗೋಡೆ ತಾಗಿ ಒಂದೇ ಸಾಲಿನಲ್ಲಿ ನಿಂತ ಹದಿನಾಲ್ಕು ಮನೆ. ಮುಂದೆ ಅಂಗಳ, ಕೆಳಗೆ ಉರುಳಗಡ್ಡೆ ಮತ್ತು ಬಾರ್ಲಿಯ ಹೊಲ, ಬೆನ್ನಿಗೆ ಹುಲ್ಲಿನ ಗುಡ್ಡ. ಈಗ ಅಲ್ಲೆಲ್ಲ ಟೀ ಗಿಡ, ಆಗ ಬರೀ ಹುಲ್ಲು. ಗುಡ್ಡದ ತುದಿಯಲ್ಲಿ ಎಮ್ಮೆ ಮಲಗಿದಂಥ ಒಂದು ಬಂಡೆ ಇದೆ, ಅದಕ್ಕೆ ಗಾಳಿಕಲ್ಲು ಎಂದು ಹೆಸರು. ಅಲ್ಲಿ ಕೂತರೆ ಒಂದು ಕಡೆ ದೊಡ್ಡಬೆಟ್ಟ, ಇನ್ನೊಂದು ಕಡೆ ಕುಂದಾ ಕಣಿವೆ. ಮಳೆ ನಿಂತು ಆಕಾಶ ತೊಳೆದ ಹಾಗಾದ ಮೇಲೆ ಹದ್ದು ಗಿಡುಗಗಳು ಬಡಗಣ ದಿಕ್ಕಿನಿಂದ ಬರತೊಡಗುತ್ತವೆ. ಯಾವ ದೇಶದಿಂದ ಹೊರಟವೋ ಏನೋ, ದೊಡ್ಡಬೆಟ್ಟದ ಬಳಿ ಗಾಳಿ ಹಿಡಿದು ಮೇಲೇರಿ, ಬಂಡೆಯ ನೆತ್ತಿಯ ಮೇಲೆ ಹಾದು, ಕಣಿವೆ ದಾಟಿ ಮಲೆಯಾಳದ ಕಡೆಗೆ ಇಳಿದುಹೋಗುತ್ತವೆ. ಹಟ್ಟಿಯವರಿಗೆ ಅದು ಕೋಳಿಮರಿಗಳನ್ನು ಬುಟ್ಟಿಯಡಿ ಮುಚ್ಚಿಡುವ ಕಾಲ, ಅಷ್ಟೆ.

ಮಾಮನಿಗೆ ಮಾತ್ರ ಅದು ಸುಗ್ಗಿ. ಊಟಿಯಲ್ಲಿ ಕಾಡಿನ ಇಲಾಖೆಯಿಂದ ನಿವೃತ್ತರಾದ ಒಬ್ಬ ಇಂಗ್ಲಿಷ್ ದೊರೆ ಇದ್ದರು. ಹಕ್ಕಿಯ ಹುಚ್ಚು ಹಿಡಿದವರಾದ್ದರಿಂದ ಸುತ್ತಿನವರೆಲ್ಲ ಅವರನ್ನು ಹಕ್ಕಿ ದೊರೆ ಎನ್ನುತ್ತಿದ್ದರು. ನಾನು ಹುಟ್ಟಿ ಇನ್ನೂ ತೆವಳುತ್ತಿದ್ದ ಕಾಲದಲ್ಲಿ ಅವರು ಗಾಳಿಕಲ್ಲಿಗೆ ಬಂದು, ಅಲ್ಲಿ ಎಮ್ಮೆ ಮೇಯಿಸುತ್ತಿದ್ದ ಮಾಮನನ್ನು ಈ ದಾರಿಯಲ್ಲಿ ಹದ್ದುಗಳು ಎಷ್ಟು ಬರುತ್ತವೆ ಎಂದು ಕೇಳಿದರಂತೆ. ಬೇರೆ ಯಾರಾದರೂ ಆಗಿದ್ದರೆ ಸಾವಿರ ಎನ್ನುತ್ತಿದ್ದರು. ಮಾಮ ‘ನಿನ್ನೆ ನಲವತ್ತೊಂದು, ಮೊನ್ನೆ ಇಲ್ಲೆ’ ಎಂದರಂತೆ. ಅಂದಿನಿಂದ ಪ್ರತಿ ವರ್ಷ ಮಾಮ ಎಣಿಸುವುದು, ಚಳಿ ಹಿಡಿದ ಮೇಲೆ ದೊರೆ ಬಂದು ಬರೆದುಕೊಂಡು ಹೋಗುವುದು.

ಮಾಮನಿಗೆ ಓದುಬರಹ ಇರಲಿಲ್ಲ. ಸೊಂಟಕ್ಕೆ ಒಂದು ಬಟ್ಟೆಯ ಚೀಲ ಕಟ್ಟಿಕೊಂಡು ಹೋಗುತ್ತಿದ್ದರು. ಅಗಲ ರೆಕ್ಕೆಯ ಹದ್ದಿಗೆ ಒಂದು ಅವರೆಕಾಳು, ಚೂಪು ರೆಕ್ಕೆಯ ಗಿಡುಗಕ್ಕೆ ಒಂದು ಬಟಾಣಿ, ಹುಲ್ಲಿನ ಮೇಲೆ ತಗ್ಗಾಗಿ ತೇಲಿಬರುವ ಉದ್ದ ಬಾಲದ್ದಕ್ಕೆ ಒಂದು ಗೋಧಿಕಾಳು. ಮೊದಲ ಹಕ್ಕಿಗೆ ಒಂದು ಎನ್ನುತ್ತಿರಲಿಲ್ಲ, ಧಾನ್ಯ ಅಳೆಯುವಾಗಿನ ಹಾಗೆ ಲಾಭ ಎನ್ನುತ್ತಿದ್ದರು. ಆಮೇಲೆ ಎರಡು, ಮೂರು. ಸಂಜೆ ಮನೆಗೆ ಬಂದು ಆ ದಿನದ ಕಾಳನ್ನೆಲ್ಲ ಒಂದು ಬಟ್ಟೆಚೂರಿನಲ್ಲಿ ಗಂಟು ಕಟ್ಟಿ ಉದ್ದನೆಯ ಹಗ್ಗಕ್ಕೆ ಪೋಣಿಸುವರು. ದಿನಕ್ಕೆ ಒಂದು ಗಂಟು, ವರ್ಷಕ್ಕೆ ಒಂದು ಹಗ್ಗ. ದೊರೆ ಬಿಚ್ಚಿ ಎಣಿಸಿ ಬರೆದುಕೊಂಡ ಮೇಲೆ ಹಗ್ಗ ಮತ್ತೆ ಅಟ್ಟ ಸೇರುತ್ತಿತ್ತು.

ಒಂದೂ ಹಕ್ಕಿ ಬಾರದ ದಿನ? ನಮ್ಮಲ್ಲಿ ಬರಿದಾದ ಪಾತ್ರೆ, ಬರಿದಾದ ಚೀಲ ಹೊಸಿಲು ದಾಟಿ ಒಳಗೆ ತರುವಂತಿಲ್ಲ. ಎಮ್ಮೆ ಹಾಲು ಕೊಡದ ದಿನವೂ ಗಡಿಗೆಯಲ್ಲಿ ಒಂದು ಗುಟುಕು ನೀರಾದರೂ ಇರಬೇಕು. ಅದಕ್ಕೆ ಮಾಮ ಅಂಥ ದಿನ ಚೀಲಕ್ಕೆ ಒಂದು ಸಣ್ಣ ಕಲ್ಲು ಹಾಕಿಕೊಂಡು ಬರುತ್ತಿದ್ದರು. ‘ಕಂಡರೆ ಕಾಳು, ಕಾಣದಿದ್ದರೆ ಕಲ್ಲು’ ಎಂಬುದು ಅವರ ಶಾಸ್ತ್ರ. ದೊರೆಗೆ ಕಾಳಿಗಿಂತ ಆ ಕಲ್ಲುಗಳ ಮೇಲೆಯೇ ಹೆಚ್ಚು ಪ್ರೀತಿಯಂತೆ. ಬಂದಿತು ಎನ್ನುವವರು ಊರ ತುಂಬ ಇದ್ದಾರೆ ಗೌಡರೆ, ಬರಲಿಲ್ಲ ಎನ್ನುವವರು ನೀವೊಬ್ಬರೇ ಎನ್ನುತ್ತಿದ್ದರಂತೆ. ಹಟ್ಟಿಯಲ್ಲಿಯೂ ಮಾಮನ ಬಾಯಿಂದ ಬಂದ ಲೆಕ್ಕಕ್ಕೆ ಎರಡನೇ ಮಾತಿರಲಿಲ್ಲ. ಬಿತ್ತನೆ ಗಡ್ಡೆ ಪಾಲು ಮಾಡುವಾಗ ಜಗಳವಾದರೆ ಮಾಮನ ಹೆಸರು ಹಿಡಿದು ಬೆಳ್ಳೆ ಗೌಡರನ್ನು ಕರೆಯಿರಿ ಎನ್ನುತ್ತಿದ್ದರು.

ಹದಿನಾರು ಹಗ್ಗ ಹೀಗೆ ಆದ ಮೇಲೆ ಮಾಮನ ಕಣ್ಣಿಗೆ ಪೊರೆ ಬಂತು. ನಾಚಿಕೆಗೆ ದೊರೆಗೆ ಹೇಳಲಿಲ್ಲ. ಮಗ ಜೋಗಿಯನ್ನು ಗುಡ್ಡಕ್ಕೆ ಕಳಿಸಿ, ಸಂಜೆ ಅವನು ತಂದ ಕಾಳನ್ನು ತಾವೇ ಗಂಟು ಕಟ್ಟಿ, ದೊರೆ ಬಂದಾಗ ತಮ್ಮ ಕೈಯಿಂದಲೇ ಹಗ್ಗ ಕೊಟ್ಟರು. ಎರಡು ವರ್ಷ ಹೀಗೇ ನಡೆಯಿತು. ಹಟ್ಟಿಗೆ ಎಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ಆ ಎರಡನೆಯ ವರ್ಷ ನಾನು ಹೊಸ ಸೊಸೆ. ಜೋಗಿ ನನ್ನ ಗಂಡ.

ಮುಂದಿನ ಆಷಾಢದಲ್ಲಿ, ನಮ್ಮ ಆಡಿ ತಿಂಗಳಲ್ಲಿ, ಜೋಗಿ ಉರುಳಗಡ್ಡೆ ಮೂಟೆಗಳ ಜೊತೆ ಮೆಟ್ಟುಪಾಳ್ಯಕ್ಕೆ ಇಳಿದ. ಎರಡು ರಾತ್ರಿ ಕೆಳನಾಡಿನಲ್ಲಿ ಮಲಗಿದ್ದಕ್ಕೆ ಜ್ವರ ಹತ್ತಿತು. ಗಟ್ಟಿಮುಟ್ಟಾದ ಆಳು, ಹನ್ನೊಂದು ದಿನದಲ್ಲಿ ಮುಗಿದುಹೋದ. ನಮಗೆ ಮಕ್ಕಳಾಗಿರಲಿಲ್ಲ. ನಮ್ಮಲ್ಲಿ ಅಂಥ ಹೆಣ್ಣು ತವರಿಗೆ ಹೋಗಿ ಇನ್ನೊಂದು ಮದುವೆಯಾಗುವುದಕ್ಕೆ ಯಾರೂ ಅಡ್ಡ ಬರುವುದಿಲ್ಲ. ಚಳಿಗಾಲದಲ್ಲಿ ನಮ್ಮ ಕುಲದೇವಿ ಹೆತ್ತೆಯ ಹಬ್ಬ ಕಳೆದ ಮೇಲೆ ಕರೆದುಕೊಂಡು ಹೋಗುತ್ತೇವೆ ಎಂದು ಕೇತಿಯಿಂದ ಅಪ್ಪ ಹೇಳಿಕಳಿಸಿದರು. ನಾನು ಹೂಂ ಎಂದೂ ಹೇಳಲಿಲ್ಲ, ಊಹೂಂ ಎಂದೂ ಹೇಳಲಿಲ್ಲ. ಯಾವುದಕ್ಕೂ ಮನಸ್ಸಿರಲಿಲ್ಲ.

ಮಳೆ ನಿಂತ ಮೊದಲ ದಿನ ಮಾಮ ಒಲೆಯ ಮುಂದೆ ಕೂತು, ಬೆಳ್ಳಗಾದ ಕಣ್ಣನ್ನು ಬಾಗಿಲ ಬೆಳಕಿನ ಕಡೆಗೆ ತಿರುಗಿಸಿ ಕೇಳಿದರು. “ಕೂಸೆ, ನೀ ಓದಬಲ್ಲೆ, ಬರೆಯಬಲ್ಲೆ. ಎಣಿಸಬಲ್ಲೆಯಾ?”

ಮಾಮಿ ಮಜ್ಜಿಗೆ ಕಡೆಯುತ್ತಿದ್ದವರು ಕೈ ನಿಲ್ಲಿಸಿದರು. “ಅವಳ ಗಂಡ ಹೋಗಿ ಎರಡು ತಿಂಗಳು ಆಗಿಲ್ಲೆ. ಗುಡ್ಡದ ಮೇಲೆ ಕೂತು ಹದ್ದು ನೋಡಿದರೆ ಹಟ್ಟಿ ಏನು ಹೇಳದು?”

“ಹಟ್ಟಿ ಹೇಳಿ ಮುಗಿಸಲಿ. ಹದ್ದು ಅಲ್ಲಿವರೆಗೆ ಕಾಯೋದಿಲ್ಲೆ.”

“ಹದ್ದು ಎಣಿಸದಿದ್ದರೆ ಯಾರ ಗಂಟು ಹೋಪದು? ನಿನ್ನ ಕಣ್ಣು ಹೋಯಿತು, ಎನ್ನ ಮಗ ಹೋದ. ಇನ್ನೂ ಆ ಕಲ್ಲಿಗೆ ಯಾರನ್ನು ಕಳಿಸಬೇಕು?”

ನಾನೇ ಎದ್ದು ಚೀಲ ತೆಗೆದುಕೊಂಡೆ. ಹದ್ದಿನ ಮೇಲಿನ ಆಸೆಯಿಂದಲ್ಲ. ಆ ಮನೆಯ ಒಳಗೆ ಜೋಗಿಯ ಕಂಬಳಿ ಇನ್ನೂ ಗೂಟದಲ್ಲಿ ತೂಗುತ್ತಿತ್ತು, ನನಗೆ ಹೊರಗೆ ಎಲ್ಲಿಗಾದರೂ ಹೋಗಬೇಕಾಗಿತ್ತು.

ಮೊದಲ ವಾರವೆಲ್ಲ ಮಾಮ ನನ್ನ ಹೆಗಲು ಹಿಡಿದು ಬಂದರು. ಬಂಡೆಗೆ ಬೆನ್ನು ಕೊಟ್ಟು ಕೂತು, ನಾನು ಕಂಡದ್ದನ್ನು ಹೇಳುವುದು, ಅವರು ಕೇಳುವುದು. “ರೆಕ್ಕೆ ತುದಿ ಬೆರಳು ಬಿಡಿಸಿದ ಹಾಗೆ ಇದೆಯಾ, ಚೂರಿ ಹಾಗೆ ಇದೆಯಾ?” ಬೆರಳು ಎಂದರೆ ಅವರೆ, ಚೂರಿ ಎಂದರೆ ಬಟಾಣಿ. ಹದ್ದುಗಳು ಬಿಸಿಗಾಳಿ ಸಿಕ್ಕಲ್ಲಿ ಗುಂಪಾಗಿ ಸುತ್ತುತ್ತ ಮೇಲೇರುತ್ತವೆ. ಒಂದರ ಹಿಂದೆ ಒಂದು ಮರೆಯಾಗಿ, ಮತ್ತೆ ಕಂಡು, ನನಗೆ ತಲೆ ತಿರುಗುತ್ತಿತ್ತು. ನಾನು ಹದಿನೆಂಟು, ಇಪ್ಪತ್ತು, ಅಲ್ಲ ಹದಿನೇಳು ಎಂದು ತೊದಲಿದಾಗ ಮಾಮ ನನ್ನ ಮೊಣಕೈ ಹಿಡಿದು ಹೇಳಿದರು. “ಸುತ್ತುವಾಗ ಎಣಿಸಬೇಡ. ಏರಿ ಮುಗಿದ ಮೇಲೆ ಸಾಲಾಗಿ ಹೊರಡೋದು. ಆಗ ಎಣಿಸು. ಹೊರಟದ್ದು ಮತ್ತೆ ತಿರುಗೋದಿಲ್ಲೆ.”

ಕಣಿವೆಯ ಶೋಲೆ ಕಾಡಿನ ಮರಗಳ ಮೇಲೆ ಒಂದು ಕರಿ ಹದ್ದು ಯಾವಾಗಲೂ ತೇಲುತ್ತಿತ್ತು. ಮೊದಲ ದಿನ ಅದಕ್ಕೆ ಮೂರು ಸಲ ಕಾಳು ಹಾಕಿದ್ದೆ. ಎಡ ರೆಕ್ಕೆಯಲ್ಲಿ ಒಂದು ಗರಿ ಇಲ್ಲವೇ ಎಂದು ಮಾಮ ಕೇಳಿ, ನಾನು ಹೌದು ಎಂದಾಗ, ಆ ಎರಡು ತಿಂಗಳಲ್ಲಿ ಮೊದಲ ಬಾರಿಗೆ ನಕ್ಕರು. “ಅದು ನಮ್ಮ ಹಟ್ಟಿಯದು, ಕೂಸೆ. ಅದನ್ನು ಎಣಿಸಿದರೆ ಎನ್ನನ್ನೂ ಎಣಿಸಬೇಕಾತು.” ಮೂರು ಅವರೆಕಾಳನ್ನು ನನ್ನಿಂದಲೇ ಹೊರಗೆ ತೆಗೆಸಿದರು.

ಆ ಬಿಸಿಲಿನ ದಿನಗಳಲ್ಲಿ ನನಗೆ ಏನೋ ಆಯಿತು. ದುಃಖ ಕಡಿಮೆಯಾಯಿತು ಎಂದರೆ ಸುಳ್ಳು. ಆದರೆ ಆಕಾಶ ನೋಡುತ್ತಿದ್ದಷ್ಟು ಹೊತ್ತು ಅದು ಪಕ್ಕದಲ್ಲಿ ಕೂತಿರುತ್ತಿತ್ತು, ಎದೆಯ ಮೇಲಲ್ಲ. ಒಂದೊಂದು ಹಕ್ಕಿಯೂ ಎಷ್ಟೋ ಗಾವುದ ದಾಟಿ ಬಂದು, ನನ್ನ ಕಣ್ಣ ಮುಂದೆ ಒಂದು ನಿಮಿಷ ಇದ್ದು, ಹೋಗುತ್ತಿತ್ತು. ನಾನು ಒಂದು ಕಾಳು ಹಾಕುತ್ತಿದ್ದೆ. ಅದು ಬಂದಿತ್ತು ಎಂಬುದಕ್ಕೆ ಲೋಕದಲ್ಲಿ ಇದ್ದ ಸಾಕ್ಷಿ ಆ ಕಾಳೊಂದೇ.

ಎರಡನೇ ವಾರ ಮಾಮ ಇಳಿಜಾರಿನಲ್ಲಿ ಜಾರಿ ಮೊಣಕಾಲು ಊದಿಸಿಕೊಂಡರು. ಆಮೇಲೆ ನಾನೊಬ್ಬಳೇ. ಅದೇ ಹೊತ್ತಿಗೆ ಐಪ್ಪಸಿ ತಿಂಗಳ ಹಿಂಗಾರು ಮಳೆ, ಮಳೆಯ ಹಿಂದೆ ಮಂಜು. ಮಂಜು ಅಂದರೆ ಕೈ ಚಾಚಿದರೆ ಬೆರಳು ಕಾಣದ ಮಂಜು. ನಮ್ಮ ಕಡೆ ಒಮ್ಮೊಮ್ಮೆ ಹಟ್ಟಿ ಮಂಜಿನಲ್ಲಿ ಮುಳುಗಿದ್ದರೂ ಗುಡ್ಡದ ತಲೆ ಬಿಸಿಲಲ್ಲಿ ಇರುವುದುಂಟು. ನಾನು ದಿನವೂ ಆ ಆಸೆಯಿಂದ ಹತ್ತುತ್ತಿದ್ದೆ. ಮೇಲೆ ಇನ್ನೂ ದಟ್ಟ. ಮಧ್ಯಾಹ್ನದವರೆಗೆ ಕೂತು, ಸೀರೆ ಒದ್ದೆಯಾಗಿ, ಒಂದು ಕಲ್ಲು ಆರಿಸಿ ಚೀಲಕ್ಕೆ 
ಹಾಕಿಕೊಂಡು ಇಳಿಯುತ್ತಿದ್ದೆ.

ಮೊದಲ ಕಲ್ಲನ್ನು ಮಾಮ ಸುಮ್ಮನೆ ಗಂಟು ಕಟ್ಟಿದರು. ಎರಡನೆಯದನ್ನೂ ಕಟ್ಟಿದರು. ಐದನೆಯ ದಿನ ಅದನ್ನು ಅಂಗೈಯಲ್ಲಿ ಹೊರಳಿಸುತ್ತ ಕೂತರು. ಆರು, ಏಳು, ಎಂಟು. ನಡುವೆ ಒಂದು ದಿನ ನಾಲ್ಕು ಬಟಾಣಿ, ಮತ್ತೆ ಕಲ್ಲು.

“ನಿನ್ನ ಕಣ್ಣು ಸರಿ ಇದೆಯಾ?” ಎಂದರು ಒಂದು ಸಂಜೆ. ಅವರು ನನ್ನೊಡನೆ ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. “ಜೋಗಿ ಒಂದು ದಿನಾನೂ ಎನ್ನ ಕೈಗೆ ಕಲ್ಲು ಕೊಟ್ಟವನಲ್ಲ. ಹಟ್ಟಿಯಲ್ಲಿ ಮಂಜು, ಮೇಲೆ ಬಿಸಿಲು, ಅಪ್ಪ, ಅನ್ನೋದು. ಕಾಳು ತರೋದು. ನೀ ಮಾತ್ರ ಏಕೆ ಕಲ್ಲು ಹೊರುತ್ತೀ?”

ಮಾಮಿಗೂ ಸಂದು ಸಿಕ್ಕಿತು. “ಎನ್ನ ಮಗನ ಕಣ್ಣು ಇವಳಿಗೆ ಎಲ್ಲಿಂದ ಬರೋದು? ಮಂಜು ಕಂಡ ಕೂಡಲೆ ಯಾವ ಮರದ ಕೆಳಗೆ ಕೂತಳೋ.”

ಕಂಡದ್ದು ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರೆ. ನಾನು ಕಾಣದ್ದನ್ನು ಕಾಣಲಿಲ್ಲ ಎಂದಿದ್ದಕ್ಕೇ ಇಷ್ಟು. ಬಾಯಿ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಯಾಕೆಂದರೆ ನನಗೆ ಗೊತ್ತಿತ್ತು. ಹಿಂದಿನ ವರ್ಷ ಉರುಳಗಡ್ಡೆ ಅಗೆಯುವಾಗ ಜೋಗಿಯೇ ನನಗೆ ಹೇಳಿದ್ದ. “ಅಪ್ಪನ ಕೈಗೆ ಕಲ್ಲು ಕೊಡೋಕೆ ಎನಗೆ ಮನಸ್ಸು ಬಾರದು. ಕಣ್ಣು ಹೋದ ಮೇಲೆ ಅವರಿಗೆ ಉಳಿದದ್ದು ಆ ಕಾಳು ಒಂದೇ. ಮೊದಲು ಒಂದೇ ಒಂದು ಹಾಕಿದೆ, ಚೀಲ ಬರಿದು ಬೇಡ ಅಂತ. ಅವರ ಮುಖ ನೋಡಬೇಕಿತ್ತು. ಆಮೇಲೆ ಹತ್ತು, ಹದಿನೈದು. ಯಾರಿಗೆ ನಷ್ಟ?” ನಾನು ನಕ್ಕಿದ್ದೆ. ಹೊಸ ಹೆಂಡತಿಗೆ ಗಂಡನ ಕಳ್ಳತನ ಮುದ್ದಾಗಿಯೇ ಕಾಣುತ್ತದೆ.

ಮರುದಿನ ಮಂಜಿನಲ್ಲಿ ಕೂತಾಗ ಮಡಿಲಿನಿಂದ ಒಂದು ಹಿಡಿ ಬಟಾಣಿ ತೆಗೆದು ಚೀಲದ ಬಾಯಿಗೆ ಹಿಡಿದೆ. ಕೈ ಬಿಟ್ಟರೆ ಸಾಕು. ಮಾಮನ ಮುಖ ಬೆಳಗುತ್ತಿತ್ತು, ಮಾಮಿಯ ನಾಲಿಗೆ ಒಳಗೆ ಹೋಗುತ್ತಿತ್ತು, ಜೋಗಿಯ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಕೊನೆಗೆ ಬಟಾಣಿಯನ್ನು ಮಡಿಲಿಗೇ ಸುರಿದುಕೊಂಡು ಕಲ್ಲು ಹಾಕಿದೆ. ಧರ್ಮಬುದ್ಧಿಯಿಂದ ಎಂದು ಹೇಳಿಕೊಂಡರೆ ಜಂಭವಾದೀತು. ಆ ಬಿಸಿಲಿನ ವಾರದಲ್ಲಿ ನಿಜವಾದ ಹಕ್ಕಿಗೆ ಹಾಕಿದ ಕಾಳುಗಳ ಜೊತೆ ಇವನ್ನು ಬೆರೆಸಲು ಕೈ ಬರಲಿಲ್ಲ.

ಆ ಕಲ್ಲನ್ನು ಕೊಟ್ಟಾಗ ಮಾಮ ಗಂಟು ಕಟ್ಟಲಿಲ್ಲ. “ನಾಳೆ ಎನ್ನನ್ನು ಕರೆದುಕೊಂಡು ಹೋಗು” ಎಂದರು.

ಊದಿದ ಕಾಲು, ಒದ್ದೆ ಹುಲ್ಲು. ಅರ್ಧ ಗಂಟೆಯ ದಾರಿಗೆ ಎರಡು ಗಂಟೆ ಹಿಡಿಯಿತು. ಹಟ್ಟಿಯಲ್ಲಿ ಮಂಜು ಇತ್ತು. ಅರ್ಧ ಹತ್ತಿದಾಗಲೂ ಇತ್ತು. “ಇನ್ನು ಮೇಲೆ ಬಿಸಿಲು ಬಪ್ಪದು” ಎನ್ನುತ್ತ ಮಾಮ ನನ್ನ ಹೆಗಲನ್ನು ಬಿಗಿಯಾಗಿ ಹಿಡಿದು ಹತ್ತಿದರು. ಗಾಳಿಕಲ್ಲಿಗೆ ಬಂದು ಬಂಡೆಯನ್ನು ತಡವಿ ನಿಂತರು. ಮುಖ ಮೇಲೆತ್ತಿದರು. ಮಂಜು ಅವರ ಹುಬ್ಬಿನ ಮೇಲೆ, ಗಡ್ಡದ ಮೇಲೆ ಹನಿಯಾಗಿ ಇಳಿಯುತ್ತಿತ್ತು. ಕಂಬಳಿ ನೆನೆದು ಭಾರವಾಯಿತು. ಅಂಗೈ ಚಾಚಿ ಆ ತೇವವನ್ನು ಹಿಡಿದು, ಬೆರಳು ಉಜ್ಜಿ ನೋಡಿದರು.

“ಹೋದ ವರ್ಷ ಇಂಥ ದಿನ ಎಷ್ಟು ಇತ್ತು?”

ನಾನು ಅವರ ಕಂಬಳಿಯ ಅಂಚಿನ ನೀರು ಹಿಂಡತೊಡಗಿದೆ.

“ಕೂಸೆ, ನೀ ಹಟ್ಟಿಯಲ್ಲೇ ಇದ್ದೆ. ಕೇಳುತ್ತಾ ಇದೀನಿ.”

“ಇತ್ತು, ಮಾಮ” ಎಂದೆ. “ಈ ವರ್ಷದಷ್ಟೇ ಇತ್ತು.”

“ಮೇಲೆ?”

“ಮೇಲೂ ಇತ್ತು.”

ಅವರು ಬಂಡೆಯ ಬುಡದಲ್ಲಿ ಕುಸಿದು ಕೂತರು. ಸತ್ತ ಮಗನನ್ನು ಇನ್ನೊಂದು ಸಲ ಕೊಂದೆನೇ ಎನ್ನಿಸಿತು. ಜೋಗಿ ಹೇಳಿದ್ದನ್ನೆಲ್ಲ ಹೇಳಿದೆ, ಮುಖ ನೋಡಬೇಕಿತ್ತು ಎಂದದ್ದನ್ನೂ ಹೇಳಿದೆ. ಮಾಮ ಅಂಗೈಯ ತೇವವನ್ನು ಕಂಬಳಿಗೆ ಒರೆಸಿಕೊಂಡು ಹೇಳಿದರು. “ಹದಿನಾರು ಹಗ್ಗ ಕಟ್ಟಿದವ ನಾ. ಒಂದು ಹಗ್ಗದಲ್ಲೂ ಕಲ್ಲು ಇಲ್ಲದೆ ಇಲ್ಲೆ. ಎರಡು ವರ್ಷ ಒಂದು ಕಲ್ಲೂ ಬಾರದೆ ಇರೋಕೆ ಆಕಾಶ ಏನು ಎನ್ನ ಮನೆ ಆಳಾ? ಕೈಗೆ ಕಾಳು ಸಿಕ್ಕಾಗ ಖುಷಿ ಆತು. ಕೇಳಿದರೆ ಖುಷಿ ಹೋಪದು ಅಂತ ಕೇಳಲಿಲ್ಲೆ.”

ಇಳಿಯುವಾಗ ಅವರು ನನ್ನ ಹೆಗಲ ಮೇಲೆ ಹಾಕಿದ ಭಾರ ಹತ್ತುವಾಗಿನದಕ್ಕಿಂತ ಹೆಚ್ಚಿತ್ತು.

ಮೂರು ದಿನ ನಾನು ಗುಡ್ಡಕ್ಕೆ ಹೋಗುವುದು, ಬರುವುದು ಮಾಡುತ್ತಿದ್ದೆ. ಮಾಮ ನಾನು ತಂದದ್ದನ್ನು, ಕಾಳಾದರೆ ಕಾಳು, ಕಲ್ಲಾದರೆ ಕಲ್ಲು, ಗಂಟು ಕಟ್ಟುತ್ತಿದ್ದರು. ನಾಲ್ಕನೆಯ ದಿನ ದೊರೆ ಇನ್ನೆರಡು ವಾರದಲ್ಲಿ ಬರುತ್ತಾರೆ ಎಂದು ಆಳು ಬಂದು ಹೇಳಿದ. ಆಗ ಮಾಮಿಯ ತಾಳ್ಮೆಯ ಕಟ್ಟೆ ಒಡೆಯಿತು. ಮಾಮ ಹೇಳಿ ಅವರಿಗೂ ಎಲ್ಲ ಗೊತ್ತಾಗಿತ್ತು.

“ದೊರೆ ಬರೆದುಕೊಂಡು ಹೋದದ್ದು ಹೋಯಿತು. ನೀ ಬಾಯಿ ಬಿಟ್ಟರೆ ನಿನ್ನ ಮಗ ಸುಳ್ಳುಗಾರ ಅಂತ ಪುಸ್ತಕದಲ್ಲಿ ಬರೆಯೋದು. ಮಣ್ಣಿನ ಕೆಳಗೆ ಇಪ್ಪವನಿಗೆ ಇದು ಬೇಕಾ?”

“ಬೇಡ” ಎಂದರು ಮಾಮ. “ಅವನ ಕರು ಹೋಗಿದೆ.”

ಹೊರಗಿನವರಿಗಾಗಿ ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಸತ್ತವರನ್ನು ಕಳಿಸುವ ದಿನ ಹಿರಿಯರೊಬ್ಬರು ಮನುಷ್ಯನು ಮಾಡಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾರೆ. ಸೇರಿದವರೆಲ್ಲ ಒಂದೊಂದಕ್ಕೂ ಪಾಪ ಎಂದು ದನಿಗೂಡಿಸುತ್ತಾರೆ. ಅವೆಲ್ಲ ಒಂದು ಕರುವಿನ ಮೇಲೆ ಹೋಗುತ್ತವೆ, ಕರುವನ್ನು ಬಿಟ್ಟುಬಿಡುತ್ತಾರೆ. ಆ ಮೇಲೆ ಸತ್ತವರ ತಪ್ಪನ್ನು ಯಾರೂ ಎತ್ತುವಂತಿಲ್ಲ. ಎತ್ತಿದರೆ ಬಿಟ್ಟ ಕರುವನ್ನು ಹಿಡಿದು ತಂದು ಮತ್ತೆ ಅವರ ಬಾಗಿಲಿಗೆ ಕಟ್ಟಿದಂತೆ. ಜೋಗಿಯ ಕರುವೂ ಆಡಿ ತಿಂಗಳಲ್ಲೇ ಹೋಗಿತ್ತು.

“ಹಾಗಾದರೆ ಸುಮ್ಮನೆ ಇರು” ಎಂದರು ಮಾಮಿ.

“ಸುಮ್ಮನೆ ಹೇಗೆ ಇರೋದು? ಬಾರದ ಹಕ್ಕಿ ಆ ಪುಸ್ತಕದಲ್ಲಿ ಕೂತಿದೆ. ಎನ್ನ ಹೆಸರಲ್ಲಿ ಕೂತಿದೆ.”

ಏನು ಮಾಡುತ್ತಾರೆ ಎಂದು ನಮ್ಮಿಬ್ಬರಿಗೂ ಹೇಳಲಿಲ್ಲ. ಮಾಮಿ ಎರಡು ವಾರ ಗೊಣಗಿದರು. ನಾನು ಹೆದರಿಕೊಂಡೇ ಎಣಿಸಿದೆ. ಹದ್ದುಗಳು ಕಡಿಮೆಯಾಗುತ್ತ ಬಂದವು. ಬೆಳಗ್ಗೆ ಹುಲ್ಲಿನ ಮೇಲೆ ಬಿಳಿ ಹಿಮ ಕಾಣತೊಡಗಿತು.

ದೊರೆ ಬಂದದ್ದು ಒಂದು ಚಳಿಬಿಸಿಲಿನ ಮಧ್ಯಾಹ್ನ. ಎತ್ತರದ, ಬಗ್ಗಿದ ಮನುಷ್ಯ. ಮೈಸೂರು ಸೀಮೆಯ ಕಾಡುಗಳಲ್ಲಿ ಕೆಲಸ ಮಾಡಿದ್ದರಿಂದ ಕನ್ನಡ ಬರುತ್ತಿತ್ತು, ಪುಸ್ತಕದ ಕನ್ನಡದ ಹಾಗೆ ನಿಧಾನವಾಗಿ ಆಡುತ್ತಿದ್ದರು. ಜಗಲಿಯ ತಿಣ್ಣೆಯ ಮೇಲೆ ಕೂತರು. ಮಗನ ಸುದ್ದಿ ಕೇಳಿದೆ ಗೌಡರೆ, ಬಹಳ ನೋವಾಯಿತು ಎಂದು ಹೇಳಿ, ಹ್ಯಾಟು ತೆಗೆದಿಟ್ಟರು. ನಾನು ಕಾಪಿಯ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮಾಮಿ ನನ್ನ ಬೆನ್ನ ಹಿಂದೆ ಕತ್ತಲಲ್ಲಿ ನಿಂತಿದ್ದರು.

ಮಾಮ ಮೂರು ಹಗ್ಗ ತರಿಸಿ ಮಡಿಲಲ್ಲಿಟ್ಟುಕೊಂಡರು. ಎರಡನ್ನು ನೆಲಕ್ಕೆ ಹಾಕಿದರು. “ದೊರೆ, ಈ ಎರಡು ವರ್ಷದ್ದು ಹೊಡೆದುಹಾಕಿ. ಅದು ನಿಜ ಅಲ್ಲ.”

ದೊರೆಗೆ ಅರ್ಥವಾಗಲಿಲ್ಲ. ಮಾಮ ಕಣ್ಣನ್ನು ಅವರ ಕಡೆ ಅಗಲಿಸಿ ತೋರಿಸಿದರು. “ಎನ್ನ ಕಣ್ಣು ಹೋಗಿ ಮೂರು ವರ್ಷ. ಹೇಳೋಕೆ ನಾಚಿಕೆ. ಮನೆಯಲ್ಲೇ ಕೂತು ಕಾಳು ಕಟ್ಟಿದೆ.”

“ಎಣಿಸಲು ಯಾರನ್ನೂ ಕಳಿಸಲಿಲ್ಲವೇ?”

“ಯಾರೂ ಇಲ್ಲೆ.”

“ಅದಕ್ಕೂ ಹಿಂದಿನದು?”

“ಅದು ಎನ್ನ ಕಣ್ಣು. ಹಗ್ಗ ಅಟ್ಟದ ಮೇಲೆ ಇದೆ. ಒಂದೊಂದರಲ್ಲೂ ಕಲ್ಲು ಇದೆ, ಮುಟ್ಟಿ ನೋಡಿ.”

ದೊರೆ ಚೀಲದಿಂದ ದಪ್ಪ ಪುಸ್ತಕ ತೆಗೆದು ಹಾಳೆ ತಿರುವಿದರು. ಪೆನ್ನಿನ ಮುಚ್ಚಳ ಬಿಚ್ಚಿದರು. ಬಿಚ್ಚಿದವರು ತಡೆದರು. ನನಗೆ ಈಗಲೂ ಕೇಳಿಸುವ ದನಿಯಲ್ಲಿ, ಬಹಳ ಮೆತ್ತಗೆ ಕೇಳಿದರು. “ಎಲ್ಲ ದಿನವೂ ಸುಳ್ಳೇ, ಗೌಡರೆ? ಒಂದು ದಿನವಾದರೂ ನಿಜವಿಲ್ಲವೇ?”

ಮಾಮ ನೆಲದ ಹಗ್ಗಗಳನ್ನು ತಡವಿ ಇನ್ನಷ್ಟು ದೂರ ಸರಿಸಿದರು. “ಒಂದೂ ಇಲ್ಲೆ.”

ದೊರೆ ಅಳತೆಪಟ್ಟಿ ಇಟ್ಟು ಗೆರೆ ಎಳೆದರು. ಒಂದು ಹಾಳೆ, ಇನ್ನೊಂದು ಹಾಳೆ, ಎರಡೂ ವರ್ಷ. ಸಿಟ್ಟು ಮಾಡಲಿಲ್ಲ. ಪೆನ್ನು ಕಾಗದದ ಮೇಲೆ ಹರಿಯುವ ಸದ್ದು ಬಾಗಿಲವರೆಗೆ ಬರುತ್ತಿತ್ತು. ಮಾಮಿ ನನ್ನ ಬೆನ್ನಿಗೆ ಹಣೆ ಒತ್ತಿ ಅಳುತ್ತಿದ್ದರು. ಮಾಮ ಮೂರನೇ ಹಗ್ಗವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದರು. “ಇದು ನಿಜ. ಇದರಲ್ಲಿ ಕಲ್ಲು ಇದೆ. ಎಣಿಸಿದ್ದು ಎನ್ನ ಸೊಸೆ. ಅವಳ ಹೆಸರು ಬರೆದುಕೊಳ್ಳಿ, ಮಾಸಿ ಅಂತ.” ದೊರೆ ನನ್ನ ಕಡೆ ನೋಡಿ ತಲೆ ಬಾಗಿಸಿ, ನನ್ನ ಹೆಸರನ್ನು ಬರೆದುಕೊಂಡರು.

ಹೆತ್ತೆ ಹಬ್ಬ ಕಳೆದ ಮೇಲೆ ಅಪ್ಪ ಬಂದು ನನ್ನನ್ನು ಕೇತಿಗೆ ಕರೆದುಕೊಂಡು ಹೋದರು. ಹೊರಡುವಾಗ ಮಾಮ ನಮ್ಮ ಪದ್ಧತಿಯಂತೆ ತಲೆಯ ಮೇಲೆ ಕೈಯಿಟ್ಟು ಹರಸಿದರು. ಬದುಕು ಎಂದರು. ನಾನು ಮತ್ತೆ ಮದುವೆಯಾದೆ, ಮಕ್ಕಳಾದರು, ಶಾಲೆಯ ಕೆಲಸ ಸಿಕ್ಕಿತು. ಮಾಮ ಅದಾದ ಮೂರನೇ ವರ್ಷ ಹೋದರು. ಆ ಪುಸ್ತಕ ಎಲ್ಲಿದೆಯೋ ಗೊತ್ತಿಲ್ಲ.

ಮಗನ ಸುಳ್ಳು ಯಾರ ಕಣ್ಣಿಗೂ ಬೀಳದಿರಲಿ ಎಂದು ಮಾಮ ಮಗನನ್ನೇ ಆ ಗುಡ್ಡದ ಮೇಲಿಂದ ಅಳಿಸಿಹಾಕಿದರು. ಬೇರೆ ದಾರಿ ಇರಲಿಲ್ಲ, ನನಗೆ ಗೊತ್ತು. ಅವನು ಅಲ್ಲಿದ್ದ ಎಂದರೆ ಸುಳ್ಳು ಅವನದಾಗುತ್ತಿತ್ತು. ಆದರೆ ಬಿಸಿಲಿನ ದಿನಗಳಲ್ಲಿ ಜೋಗಿ ನಿಜವಾಗಿಯೇ ಎಣಿಸುತ್ತಿದ್ದ. ಆ ಹಕ್ಕಿಗಳ ಮೇಲೂ ಗೆರೆ ಹರಿಯಿತು. ಒಂದು ದಿನವಾದರೂ ನಿಜವಿಲ್ಲವೇ ಎಂದು ದೊರೆ ಕೇಳಿದಾಗ ಇದೆ ಎನ್ನಬಲ್ಲವಳು ಭೂಮಿಯ ಮೇಲೆ ನಾನೊಬ್ಬಳೇ ಇದ್ದೆ. ಲೋಟ ಹಿಡಿದುಕೊಂಡು ಸುಮ್ಮನೆ ನಿಂತೆ. ಕಾಪಿ ಕೈಯಲ್ಲೇ ಆರಿಹೋಯಿತು.

ಜೋಗಿಯನ್ನು ಮದುವೆಯಾಗಿ ಆರು ತಿಂಗಳಾಗಿತ್ತು. ಮೂರು ದಿನದ ಮಳೆ ನಿಂತು ಬಿಸಿಲು ಬಿದ್ದ ದಿನ, ನಾನು ಹಿಟ್ಟು ಮತ್ತು ಅವರೆಯ ಸಾರು ತೆಗೆದುಕೊಂಡು ಗಾಳಿಕಲ್ಲಿಗೆ ಹೋಗಿದ್ದೆ. ಊಟ ಬಿಚ್ಚುವಷ್ಟರಲ್ಲಿ ದೊಡ್ಡಬೆಟ್ಟದ ಕಡೆಯಿಂದ ಹಕ್ಕಿಗಳು ಬರತೊಡಗಿದವು, ಮಳೆಗೆ ಎಲ್ಲೋ ತಡೆದು ನಿಂತಿದ್ದವೆಲ್ಲ ಒಟ್ಟಿಗೆ. ಊಟ ಅಲ್ಲೇ ಬಿಟ್ಟು ಇಬ್ಬರೂ ಎದ್ದು ನಿಂತೆವು. ಅವನೂ ಎಣಿಸಿದ, ನಾನೂ ಎಣಿಸಿದೆ. ಕೊನೆಯದು ಕಣಿವೆ ದಾಟಿದ ಮೇಲೆ ಅವನು ತೊಂಬತ್ತೇಳು ಎಂದ, ನಾನು ತೊಂಬತ್ತಮೂರು ಎಂದೆ. ಜಗಳವಾಡಿದೆವು. ನಾಲ್ಕು ಕಾಳಿಗೆ ನೀನು ಇಷ್ಟು ಹಟ ಮಾಡುತ್ತೀಯ ಎಂದು ನಕ್ಕ. ಆಮೇಲೆ ಚೀಲದೊಳಗೆ ಕೈ ಹಾಕಿ ನಾಲ್ಕು ಬಟಾಣಿ ಹೊರಗೆ ತೆಗೆದು, ಎರಡನ್ನು ನನ್ನ ಬಾಯಿಗೆ ಹಾಕಿ, ಎರಡನ್ನು ತಾನು ತಿಂದ.

ತೊಂಬತ್ತಮೂರು. ಅವು ಬಂದಿದ್ದವು. ಎಣಿಸಿದವನು ಜೋಗಿ.